ಕೊಲ್ಲದ ಆಶ್ರಯಧಾಮವೊಂದರ ಸೇವೆ: ಬಾಗಿಲಿನಿಂದ ಹಿಂದಿನ ಸಾಲಿನವರೆಗೆ

ಜಾಗವಿಲ್ಲವೆಂಬ ಕಾರಣಕ್ಕೆ ಯಾವ ಪ್ರಾಣಿಯನ್ನೂ ಸಾಯಿಸುವುದಿಲ್ಲ ಎಂದು ಹೇಳಿಕೊಳ್ಳುವ ಆಶ್ರಯಧಾಮಗಳನ್ನು ಅಳೆಯಲು ಸಾಮಾನ್ಯವಾಗಿ ಒಂದೇ ಅಂಕಿಯನ್ನು ಬಳಸುತ್ತಾರೆ: ಒಳಗೆ ಬಂದವುಗಳಲ್ಲಿ ಶೇ. 90ರಷ್ಟಾದರೂ ಜೀವಂತವಾಗಿ ಉಳಿಯಬೇಕು. ಮಿಕ್ಕ ಶೇ. 10 ಗುಣವಾಗದ ಕಾಯಿಲೆಯಿಂದ ನರಳುವ, ಇಲ್ಲವೇ ಯಾರ ಮನೆಗೂ ಕಳಿಸಲಾಗದಷ್ಟು ಅಪಾಯಕಾರಿಯಾದ ಪ್ರಾಣಿಗಳಿಗಾಗಿ ಬಿಟ್ಟಿರುವ ಅವಕಾಶ. ಈ ಅಂಕಿಯನ್ನು ನಾನು ಅಷ್ಟಾಗಿ ನೆಚ್ಚುವುದಿಲ್ಲ. ಮುದಿ ನಾಯಿ, ಗಾಯಗೊಂಡ ಬೆಕ್ಕು, ಕಚ್ಚುವ ಪ್ರಾಣಿ ಇವನ್ನೆಲ್ಲ ಬಾಗಿಲಲ್ಲೇ ತಿರುಗಿಸಿ ಕಳಿಸಿ, ಆರೋಗ್ಯವಾಗಿರುವ ಮರಿಗಳನ್ನಷ್ಟೇ ಬಿಟ್ಟುಕೊಳ್ಳುವ ಸಂಸ್ಥೆಗೆ ಶೇ. 98 ದಾಟುವುದೂ ಕಷ್ಟವಲ್ಲ. ಆದ್ದರಿಂದ, ನಾನು ನಾಯಿಯೊಂದನ್ನು ದತ್ತು ಪಡೆದ ಮತ್ತು ಆಮೇಲೆ ಬಿಡುವಿದ್ದಾಗಲೆಲ್ಲ ಕೆಲಸಕ್ಕೆ ಕೈಜೋಡಿಸಿದ ಈ ಆಶ್ರಯಧಾಮದ ವಿಮರ್ಶೆಯನ್ನು ಅದರ ಬಾಗಿಲಿನಿಂದಲೇ ಆರಂಭಿಸುವುದು ನ್ಯಾಯವೆನಿಸುತ್ತದೆ.

ಸಾಕಿದ ಪ್ರಾಣಿಯನ್ನು ಬಿಟ್ಟುಹೋಗಲು ಬಂದವರನ್ನು ಇಲ್ಲಿ ಯಾರೂ ಗದರಿಸುವುದಿಲ್ಲ. ಕೂರಿಸಿ ಕಾರಣ ಕೇಳುತ್ತಾರೆ. ಬೆಕ್ಕು ತನ್ನ ಮರಳಿನ ತಟ್ಟೆಯನ್ನು ಬಿಟ್ಟು ಮನೆಯಲ್ಲೆಲ್ಲ ಮೂತ್ರ ಮಾಡುತ್ತಿದೆ ಎಂದರೆ ಮೊದಲು ಮೂತ್ರಕೋಶದ ತೊಂದರೆ ಇದೆಯೇ ಎಂದು ಪಶುವೈದ್ಯರಲ್ಲಿ ಪರೀಕ್ಷೆ ಮಾಡಿಸುತ್ತಾರೆ. ಮಾಲೀಕರು ಆಸ್ಪತ್ರೆ ಸೇರಬೇಕಾಗಿದ್ದರೆ ನಾಯಿಯನ್ನು ಕೆಲವು ವಾರ ನೋಡಿಕೊಳ್ಳುವ ಮನೆಯೊಂದನ್ನು ಹುಡುಕಿಕೊಡುತ್ತಾರೆ. ಯಾವ ದಾರಿಯೂ ಇಲ್ಲದಿದ್ದರೆ ಮುಂದಿನ ಒಂದು ದಿನಾಂಕವನ್ನು ಗೊತ್ತುಮಾಡುತ್ತಾರೆ. ಗಾಯಗೊಂಡದ್ದು, ಕಣ್ಣು ಬಿಡದ ಮರಿ, ಹೆರಿಗೆಗೆ ಹತ್ತಿರವಾದದ್ದು ಇಂಥವುಗಳಿಗೆ ಮಾತ್ರ ದಿನಾಂಕದ ಮಾತಿಲ್ಲ, ತಕ್ಷಣ ಒಳಗೆ. ಪ್ರಾಣಿಯನ್ನು ಕರೆತಂದು ಬರಿಗೈಯಲ್ಲಿ ಮರಳಲು ಬಯಸಿದವರಿಗೆ ಇದು ಸಿಟ್ಟು ತರಿಸುತ್ತದೆ, ನಿಜ. ಆದರೆ ಇದರ ಹಿಂದಿರುವ ಲೆಕ್ಕ ಬಹಳ ಸರಳ. ದಿನಕ್ಕೆ ಸರಾಸರಿ 2 ನಾಯಿಗಳು ಬಂದು, ಒಂದೊಂದೂ 30 ದಿನ ಉಳಿದರೆ 60 ಗೂಡು ಬೇಕು. ವಾಸದ ಅವಧಿಯನ್ನು 20 ದಿನಕ್ಕೆ ಇಳಿಸಿದರೆ 40 ಸಾಕು. ಹೊಸ ಕಟ್ಟಡಕ್ಕಿಂತ ದಿನಗಳನ್ನು ಉಳಿಸುವುದೇ ಅಗ್ಗ. ಅಮೆರಿಕದ ಆಶ್ರಯಧಾಮ ಪಶುವೈದ್ಯರ ಸಂಘ 2010ರಲ್ಲಿ ಪ್ರಕಟಿಸಿ 2022ರಲ್ಲಿ ಪರಿಷ್ಕರಿಸಿದ ಮಾರ್ಗಸೂಚಿಯೂ ಆರೈಕೆಯ ಸಾಮರ್ಥ್ಯ ಮೀರಿ ಪ್ರಾಣಿಗಳನ್ನು ತುಂಬಿಕೊಳ್ಳುವುದು ಒಪ್ಪತಕ್ಕದ್ದಲ್ಲ ಎಂದೇ ಹೇಳುತ್ತದೆ.

ಇಲ್ಲಿ ನನ್ನದೊಂದು ಗಟ್ಟಿ ಆಕ್ಷೇಪವಿದೆ. ಗೊತ್ತುಮಾಡಿದ ದಿನ ಬಾರದೇ ಹೋದವರ ಪ್ರಾಣಿ ಏನಾಯಿತೆಂದು ಯಾರೂ ವಿಚಾರಿಸುವುದಿಲ್ಲ. ಅದು ಮನೆಯಲ್ಲೇ ಉಳಿದಿರಬಹುದು, ರಸ್ತೆಯಲ್ಲಿ ಬಿಡಲ್ಪಟ್ಟಿರಲೂಬಹುದು. ಎರಡೂ ಸಂಸ್ಥೆಯ ಉಳಿಕೆಯ ಲೆಕ್ಕಕ್ಕೆ ಬರುವುದಿಲ್ಲ. 1994ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಪ್ರಾಣಿದಯಾ ಸಂಘವು ನಗರಾಡಳಿತದ ಪ್ರಾಣಿ ವಿಭಾಗದೊಂದಿಗೆ ಒಪ್ಪಂದ ಮಾಡಿಕೊಂಡು, ಅಲ್ಲಿ ಮನೆ ಸಿಗದೆ ಉಳಿದ ದತ್ತುಯೋಗ್ಯ ನಾಯಿ ಬೆಕ್ಕುಗಳನ್ನು ತಾನೇ ವಹಿಸಿಕೊಳ್ಳಲು ಮುಂದಾದದ್ದು ಕೊಲ್ಲದ ಆಶ್ರಯಧಾಮಗಳ ಚಳವಳಿಗೆ ಬಲ ತಂದಿತು. ತನ್ನ ಗೋಡೆಯ ಆಚೆಗೆ ಸಾಯುತ್ತಿದ್ದ ಪ್ರಾಣಿಯ ಹೊಣೆಯನ್ನೂ ಸಂಘ ಹೊತ್ತುಕೊಂಡಿತ್ತು ಎಂಬುದನ್ನು ಮರೆಯಬಾರದು.

ಒಳಗಿನ ಆರೋಗ್ಯ ವ್ಯವಸ್ಥೆ ಮಾತ್ರ ಮೆಚ್ಚುವಂಥದ್ದು. ಬಂದ ಗಳಿಗೆಯಲ್ಲೇ ಲಸಿಕೆ, ಜಂತುಹುಳುವಿನ ಔಷಧ, ಮಾಲೀಕರ ಗುರುತು ಹಿಡಿಯಲು ಚರ್ಮದಡಿ ಇಡುವ ಮೈಕ್ರೋಚಿಪ್ ಇದೆಯೇ ಎಂಬ ತಪಾಸಣೆ. ಅನಂತರ ಮರಿಗಳಿಗೆ 14 ದಿನ ಪ್ರತ್ಯೇಕ ವಾಸ. ಮರಿಗಳಿಗೆ ಮಾರಕವಾದ ಪಾರ್ವೊ ಎಂಬ ವೈರಾಣು ರೋಗದ ಲಕ್ಷಣ ಸೋಂಕು ತಗುಲಿದ ಮೇಲೆ ಕಾಣಿಸಿಕೊಳ್ಳಲು ಸುಮಾರು ಎರಡು ವಾರ ಹಿಡಿಯಬಹುದಾದ್ದರಿಂದ ಈ ಎಚ್ಚರಿಕೆ. ಗೂಡು ತೊಳೆಯುವ ಕ್ರಮವನ್ನು ನಾನು ಹತ್ತಿರದಿಂದ ಕಂಡಿದ್ದೇನೆ. ಮೊದಲು ಮರಿಗಳ ಕೋಣೆ, ಆಮೇಲೆ ಆರೋಗ್ಯವಂತ ದೊಡ್ಡ ನಾಯಿಗಳು, ಕೊನೆಯಲ್ಲಿ ರೋಗಿಗಳ ಕೋಣೆ. ಆ ಕೋಣೆಗೆ ಬೇರೆಯದೇ ಬೂಟು, ಬೇರೆಯದೇ ಪೊರಕೆ. ಹಿಕ್ಕೆಯನ್ನು ತೆಗೆದು ಸೋಪಿನ ನೀರಿನಲ್ಲಿ ಉಜ್ಜಿದ ಮೇಲೆಯೇ ಬ್ಲೀಚ್ ದ್ರಾವಣ ಹಾಕಿ ಹತ್ತು ನಿಮಿಷ ಬಿಡುತ್ತಾರೆ, ಏಕೆಂದರೆ ಕೊಳೆಯ ಮೇಲೆ ಸುರಿದ ಬ್ಲೀಚ್‌ಗೆ ವೈರಾಣುವನ್ನು ಕೊಲ್ಲುವ ಶಕ್ತಿ ಉಳಿಯುವುದಿಲ್ಲ. ಸಾಮಾನ್ಯ ಫಿನಾಯಿಲಿಗೆ ಬಗ್ಗದ, ನೆಲದಲ್ಲಿ ತಿಂಗಳುಗಟ್ಟಲೆ ಉಳಿಯಬಲ್ಲ ಪಾರ್ವೊದ ಎದುರು ಇಂಥ ಹಟ ಬೇಕೇ ಬೇಕು. ಜೊತೆಗೆ ಫಿನಾಯಿಲ್ ಬೆಕ್ಕುಗಳಿಗೆ ವಿಷ. ಅದನ್ನು ಕಟ್ಟಡದೊಳಗೇ ಬಿಟ್ಟುಕೊಂಡಿಲ್ಲ.

ಬೆಕ್ಕುಗಳ ಗೂಡಿಗೆ ಎರಡು ಅಂಕಣಗಳಿವೆ. ನಡುವಿನ ದುಂಡು ಕಿಂಡಿಯ ಒಂದು ಕಡೆ ಹಾಸಿಗೆ ಮತ್ತು ಊಟ, ಇನ್ನೊಂದು ಕಡೆ ಮರಳಿನ ತಟ್ಟೆ. ಒಂದನ್ನು ಶುಚಿಗೊಳಿಸುವಾಗ ಬೆಕ್ಕು ಮತ್ತೊಂದರಲ್ಲಿ ನಿಶ್ಚಿಂತೆಯಿಂದ ಕೂತಿರುತ್ತದೆ, ದಿನವೂ ಕುತ್ತಿಗೆ ಹಿಡಿದು ಎತ್ತುವ ರಗಳೆಯಿಲ್ಲ. ಬಾಗಿಲಿನ ಅರ್ಧ ಭಾಗಕ್ಕೆ ಟವೆಲ್ ಇಳಿಬಿಟ್ಟಿರುವುದರಿಂದ ಹೆದರಿದ್ದಕ್ಕೆ ಅಡಗಲು ಮರೆಯೂ ಉಂಟು. ಬೆಕ್ಕಿಗೆ ಹೆದರಿಕೆ ಹೆಚ್ಚಿದಾಗ ಅಡಗಿ ಕೂತಿದ್ದ ಶೀತದ ಸೋಂಕು ಮೇಲೇಳುತ್ತದೆಯಾದ್ದರಿಂದ ಈ ಟವೆಲನ್ನು ಔಷಧದ ಖರ್ಚು ಉಳಿಸುವ ಸಾಧನವೆಂದೇ ನಾನು ಪರಿಗಣಿಸುತ್ತೇನೆ.

ಇಷ್ಟು ಬುದ್ಧಿವಂತಿಕೆ ಹಿಂದಿನ ಸಾಲಿನ ದೊಡ್ಡ ನಾಯಿಗಳವರೆಗೆ ತಲುಪಿಲ್ಲ. ಮರಿಗಳು ಬೇಗ ಹೋಗುತ್ತವೆ. ವಯಸ್ಸಾದ, ದಷ್ಟಪುಷ್ಟ, ಅಪರಿಚಿತರನ್ನು ಕಂಡರೆ ಬೊಗಳುವ ನಾಯಿಗಳು ತಿಂಗಳುಗಟ್ಟಲೆ ಉಳಿಯುತ್ತವೆ. ಸಿಮೆಂಟು ಗೋಡೆ, ತಗಡಿನ ಚಾವಣಿ; ಒಂದು ಬೊಗಳಿದರೆ ಸಾಲೆಲ್ಲ ಬೊಗಳುತ್ತದೆ. ಇಂಥ ಕಟ್ಟಡಗಳಲ್ಲಿ ಸದ್ದು 100 ಡೆಸಿಬೆಲ್ ಮೀರುವುದು ಹೊಸದೇನಲ್ಲ, ಮತ್ತು ನಾಯಿಯ ಕಿವಿ ನಮ್ಮದಕ್ಕಿಂತ ಸೂಕ್ಷ್ಮ. ಒಂದೇ ಜಾಗದಲ್ಲಿ ಗಿರಗಿರನೆ ಸುತ್ತುವ, ಸರಳಿಗೆ ಮೂತಿ ಉಜ್ಜಿ ತುಪ್ಪಳ ಸವೆಸಿಕೊಂಡ ನಾಯಿಗಳನ್ನು ಅಲ್ಲಿ ನೋಡಿದೆ. ನೋಡಲು ಬಂದವರ ಮೇಲೆ ಸರಳಿನೊಳಗಿಂದಲೇ ಹಾರುವ ನಾಯಿಯನ್ನು ಯಾರು ಆರಿಸಿಕೊಳ್ಳುತ್ತಾರೆ? ಆರಿಸದ ಕಾರಣ ಅದು ಉಳಿಯುತ್ತದೆ, ಉಳಿದ ಕಾರಣ ಇನ್ನಷ್ಟು ಕೆಡುತ್ತದೆ. ಸಂಸ್ಥೆಯವರು ಹಣವಿಲ್ಲ ಎನ್ನುತ್ತಾರೆ. ಚಾವಣಿ ಬದಲಿಸಲು ಹಣ ಬೇಕು, ಒಪ್ಪಿದೆ. ಎದುರುಬದುರು ಗೂಡುಗಳ ನಡುವೆ ಪರದೆ ಕಟ್ಟಲು, ದಿನಕ್ಕೊಮ್ಮೆ ಹೊರಗೆ ನಡೆಸಲು, ಕೆಲವನ್ನು ವಾರಾಂತ್ಯಕ್ಕೆ ಸ್ವಯಂಸೇವಕರ ಮನೆಗೆ ಕಳಿಸಲು ಬೇಕಾಗುವುದು ಯೋಜನೆ. ಬದುಕಿಸಿದ್ದೇವೆ ಎಂಬ ಸಮಾಧಾನ ಈ ಸಾಲಿನ ಮುಂದೆ ನಿಂತು ಹೇಳಿಕೊಳ್ಳುವಂಥದ್ದಲ್ಲ.

ದತ್ತು ಕೊಡುವ ವಿಭಾಗದ ಪ್ರಾಮಾಣಿಕತೆಗೆ ಪೂರ್ಣ ಅಂಕ. ಊಟದ ತಟ್ಟೆಯ ಹತ್ತಿರ ಕೈ ಬಂದರೆ ಈ ನಾಯಿ ಗುರ್ರೆನ್ನುತ್ತದೆ, ಚಿಕ್ಕ ಮಕ್ಕಳಿರುವ ಮನೆಗೆ ಕೊಡುವುದಿಲ್ಲ ಎಂದು ನಾನು ಆರಿಸಿದ ನಾಯಿಯ ಬಗ್ಗೆ ಮೊದಲೇ ತಿಳಿಸಿದರು. ಸಂತಾನಹರಣ ಚಿಕಿತ್ಸೆಯಾಗದ ಯಾವ ಪ್ರಾಣಿಯನ್ನೂ ಹೊರಗೆ ಕಳಿಸುವುದಿಲ್ಲ. ಹೆಣ್ಣು ಬೆಕ್ಕು ನಾಲ್ಕು ತಿಂಗಳಿಗೇ ಬೆದೆಗೆ ಬರಬಹುದು, ಗರ್ಭಕಾಲವೋ ಒಂಬತ್ತೇ ವಾರ. ಆಮೇಲೆ ಮಾಡಿಸಿ ಎಂದು ಚೀಟಿ ಕೊಟ್ಟು ಕಳಿಸುವ ಸಂಸ್ಥೆಗಳು ತಮ್ಮ ಮುಂದಿನ ವರ್ಷದ ಮರಿಗಳನ್ನು ತಾವೇ ಕಳಿಸಿಕೊಟ್ಟಂತೆ. ಹೊಂದಾಣಿಕೆಯಾಗದಿದ್ದರೆ ಯಾವಾಗ ಬೇಕಾದರೂ ಮರಳಿಸಬಹುದು, ಅದಕ್ಕೆ ಮುಖ ಸಿಂಡರಿಸುವವರಿಲ್ಲ. ಆ ಮನೆಯಲ್ಲಿ ಪ್ರಾಣಿ ಹೇಗಿತ್ತೆಂದು ಕೇಳಿ ಅದರ ಕಡತದಲ್ಲಿ ಬರೆದುಕೊಳ್ಳುತ್ತಾರೆ. ಅರ್ಜಿ ನಮೂನೆ ಮಾತ್ರ ಅನಗತ್ಯವಾಗಿ ಉದ್ದ, ಮತ್ತು ಅರ್ಜಿ ಏನಾಯಿತೆಂದು ಕೇಳಲು ಮಾಡಿದ ಫೋನನ್ನು ಎತ್ತುವವರೇ ಇರುವುದಿಲ್ಲ. ಹೋಗುವವರು ನೇರವಾಗಿ ಹೋಗಿ, ಬೆಳಗಿನ ಶುಚಿಕಾರ್ಯ ಮುಗಿದ ಮೇಲೆ ಹೋಗಿ, ಹಿಂದಿನ ಸಾಲಿನ ನಾಯಿಗಳನ್ನು ಗೂಡಿನಲ್ಲಿ ನೋಡದೆ ಹೊರಗಿನ ಅಂಗಳಕ್ಕೆ ಕರೆತರಿಸಿ ನೋಡಿ. ಕೇಳಿದರೆ ಕರೆತರುತ್ತಾರೆ, ಕೇಳದಿದ್ದರೆ ಮರಿಗಳ ಕೋಣೆಗೇ ಕರೆದೊಯ್ಯುತ್ತಾರೆ.