ಸಂಘದ ಅಧ್ಯಕ್ಷರನ್ನು ಯಾರು ಆರಿಸಬೇಕು? ಮೂರು ದೇಶಗಳ ದಾರಿ

ಮಂಡ್ಯದ ಗೆಳೆಯರೊಬ್ಬರು ತಮ್ಮ ಯುವಕ ಸಂಘಕ್ಕೆ ಬೈಲಾ (ಸಂಘದ ನಿಯಮಗಳು) ಬರೆಯುತ್ತಿದ್ದಾರೆ. ಅಧ್ಯಕ್ಷರನ್ನು ಸದಸ್ಯರೆಲ್ಲ ನೇರವಾಗಿ ಆರಿಸಬೇಕಾ, ಸಮಿತಿ ಆರಿಸಿದರೆ ಸಾಕಾ ಅಂತ ಕೇಳಿದರು. ದೇಶಗಳಿಗೂ ಇದೇ ಪ್ರಶ್ನೆ ಅಲ್ವಾ?

ನನಗೆ ಎಲ್ಲಕ್ಕಿಂತ ಮುಖ್ಯ ಅನಿಸೋದು, ಬೇಡವಾದವರನ್ನು ಇಳಿಸೋದು ಎಷ್ಟು ಸುಲಭ ಅನ್ನೋದು. ನಮ್ಮದು ಸಮಿತಿ ಆರಿಸಿದ ಹಾಗೆ: ಲೋಕಸಭೆಯ ಬಹುಮತ ತಪ್ಪಿದರೆ ಸರ್ಕಾರ ಉಳಿಯಲ್ಲ. 1999ರ ಏಪ್ರಿಲ್‌ನಲ್ಲಿ ವಾಜಪೇಯಿ ಸರ್ಕಾರ ಬಿದ್ದದ್ದು ಒಂದೇ ಮತದಿಂದ. ಅಮೆರಿಕದ್ದು ನೇರ ಚುನಾವಣೆಗೆ ಹತ್ತಿರದ ದಾರಿ, ಅಧ್ಯಕ್ಷರನ್ನು ಸಂಸತ್ತು ಆರಿಸಲ್ಲ. ಅವರ ಅವಧಿ 4 ವರ್ಷ, ಸುಮ್ನೆ ಇಳಿಸೋಕಾಗಲ್ಲ. ಅಲ್ಲಿನ ಸಂಸತ್ತಿನ ಮೇಲ್ಮನೆಯಾದ ಸೆನೆಟ್‌ನ ಮೂರನೇ ಎರಡು ಭಾಗ ಮತ ಬೇಕು. ಇದುವರೆಗೆ ಯಾವ ಅಧ್ಯಕ್ಷರನ್ನೂ ಹಾಗೆ ತೆಗೆದಿಲ್ಲ.

ಆ ಸ್ಥಿರತೆಗೆ ಬೆಲೆಯೂ ಇದೆ. ಅಧ್ಯಕ್ಷರಿಗೂ ಸಂಸತ್ತಿಗೂ ಜಗಳವಾದರೆ ಕೆಲಸ ನಿಲ್ಲುತ್ತದೆ. 2018ರ ಡಿಸೆಂಬರ್‌ನಲ್ಲಿ ಶುರುವಾದ ಜಗಳದಲ್ಲಿ ಅಲ್ಲಿನ ಎಷ್ಟೋ ಸರ್ಕಾರಿ ಕಚೇರಿಗಳು 35 ದಿನ ಮುಚ್ಚಿದ್ದವು.

ಸ್ವಿಟ್ಜರ್ಲೆಂಡಿನದು ಮೂರನೇ ದಾರಿ. ಸಂಸತ್ತು ಆರಿಸಿದ 7 ಜನ ಒಟ್ಟಿಗೆ ಆಳುತ್ತಾರೆ. ಅಧ್ಯಕ್ಷ ಸ್ಥಾನ ವರ್ಷಕ್ಕೊಬ್ಬರಿಗೆ. ತೀರ್ಮಾನ ನಿಧಾನ, ಆದರೆ ಹೆಚ್ಚಿನ ದೊಡ್ಡ ಪಕ್ಷಗಳು ಒಳಗೇ ಇರುತ್ತವೆ.

ನಿಮ್ಮ ಸಂಘದಲ್ಲಿ ಎರಡು ಮೂರು ಗುಂಪುಗಳಿದ್ದರೆ ಸ್ವಿಸ್ ಪದ್ಧತಿ ಹಿಡಿಯಿರಿ. ದುಡ್ಡಿನ ವ್ಯವಹಾರ ಜಾಸ್ತಿ ಇದ್ದರೆ ಸಮಿತಿ ಆರಿಸಲಿ, ಲೆಕ್ಕ ತಪ್ಪಿದ ದಿನವೇ ಕೇಳಬಹುದು. ಸಮಿತಿಯಲ್ಲಿ ದಿನಾ ಕಾಲೆಳೆಯುವವರೇ ತುಂಬಿದ್ದರೆ ನೇರ ಚುನಾವಣೆ ಒಳ್ಳೆಯದು. ಆಗ ಖರ್ಚಿಗೆ ಒಪ್ಪಿಗೆ ಕೊಡುವ ಅಧಿಕಾರ ಮಾತ್ರ ಅಧ್ಯಕ್ಷರ ಕೈಗೆ ಬಿಡಬೇಡಿ.