ಉತ್ತರ ಹೇಳುವ ಆ್ಯಪ್ ತಾಳಗುಂದದಲ್ಲಿ ಎಡವಿತು: ಒಂದು ವರ್ಷದ ಬಳಕೆಯ ನಂತರ

ಹಣ ಕೊಟ್ಟು ಬಳಸುವ ಎಐ ಸಹಾಯಕವೊಂದನ್ನು ಇಟ್ಟುಕೊಂಡು ಒಂದು ವರ್ಷ ದಾಟಿತು. ಅದರ ವೇಗ, ಅದಕ್ಕೆ ಬರುವ ಭಾಷೆಗಳು, ಯಾವ ಫೋನಿನಲ್ಲಿ ಓಡುತ್ತದೆ ಎಂಬುದೆಲ್ಲ ಜಾಹೀರಾತಿನಲ್ಲಿಯೇ ಸಿಗುವುದರಿಂದ ಅದನ್ನು ಬಿಡುತ್ತೇನೆ. ನನ್ನ ಬಳಕೆ ಒಂದೇ. ಪ್ರೌಢಶಾಲೆಯಲ್ಲಿ ಕನ್ನಡ ಕಲಿಸುವ ನಾನು ಊರಿನ ಗ್ರಂಥಾಲಯದಲ್ಲಿ ಭಾನುವಾರದ ರಸಪ್ರಶ್ನೆ ನಡೆಸುತ್ತೇನೆ. ಬರುವವರಲ್ಲಿ ಮಕ್ಕಳಿಗಿಂತ ಪಿಡಿಒ, ಎಫ್‌ಡಿಎ ಪರೀಕ್ಷೆಗೆ ಓದುತ್ತಿರುವವರೇ ಹೆಚ್ಚು. ನಾನು ಹೇಳಿದ ಉತ್ತರ ಅವರ ನೋಟ್‌ಬುಕ್ಕಿಗೆ ಇಳಿಯುತ್ತದೆ, ಅಲ್ಲಿಂದ ಪರೀಕ್ಷೆಯ ಕೊಠಡಿಗೂ ಹೋಗುತ್ತದೆ. ಹಾಗಾಗಿ ಒಂದು ಇಸವಿ ಸಂದೇಹವಾದರೂ ನನಗೆ ಸಮಾಧಾನವಿರುವುದಿಲ್ಲ.

ಮೊದಲು ಸಂತೋಷದ ಮಾತು. ರಾತ್ರಿ ಊಟ ಮುಗಿದು, ಅಡುಗೆಮನೆ ಒರೆಸಿ, ಮನೆಯವರೆಲ್ಲ ಮಲಗಿದ ಮೇಲೆ ನಾನು ಮೇಜಿನ ಮುಂದೆ ಕೂರುತ್ತೇನೆ. ಎಡಕ್ಕೆ ಉದ್ದನೆಯ ಪುಸ್ತಕ, ಬಲಕ್ಕೆ ಫೋನು. ಮೈಕಿನ ಗುರುತು ಒತ್ತಿ, ಎದುರಿಗೆ ಕುಳಿತ ಸಹೋದ್ಯೋಗಿಯನ್ನು ಕೇಳುವ ಹಾಗೆ ಕೇಳುತ್ತೇನೆ: ರಾಜ ಸತ್ತರೆ ತಾನೂ ಪ್ರಾಣ ಬಿಡುವುದಾಗಿ ವ್ರತ ತೊಟ್ಟ ಅಂಗರಕ್ಷಕರಿಗೆ ಹೊಯ್ಸಳರ ಕಾಲದಲ್ಲಿ ಏನೆನ್ನುತ್ತಿದ್ದರು? ಗರುಡರು ಎಂದು ಉತ್ತರ ಬಂತು. ಜೊತೆಗೆ ಹಳೇಬೀಡಿನ ಗರುಡಗಂಬವೂ, ಇಮ್ಮಡಿ ವೀರಬಲ್ಲಾಳನ ಅಂಗರಕ್ಷಕ ಕುವರಲಕ್ಷ್ಮನ ಹೆಸರೂ ಬಂದವು. ಆ ರಾತ್ರಿ ನನಗಾದ ಖುಷಿಯನ್ನು ಇವತ್ತಿಗೂ ಕಡಿಮೆ ಮಾಡಿ ಹೇಳಲಾರೆ. ಹುಡುಕುತಾಣದಲ್ಲಿ ‘ಗರುಡ’ ಎಂಬ ಪದ ಮೊದಲೇ ಗೊತ್ತಿದ್ದರೆ ತಾನೇ ಗರುಡಗಂಬ ಸಲೀಸಾಗಿ ಸಿಗುವುದು? ಇಲ್ಲಿ ಅರ್ಥ ಹೇಳಿದರೆ ಪದ ಸಿಕ್ಕಿತು.

ವಿಭಕ್ತಿಯ ಕಷ್ಟವೂ ತಪ್ಪಿತು. ಬಳ್ಳಿಗಾವೆ, ಬಳ್ಳಿಗಾವೆಯ, ಬಳ್ಳಿಗಾವೆಯಿಂದ ಎಂದು ಒಂದೇ ಊರು ಕನ್ನಡದಲ್ಲಿ ಹತ್ತು ರೂಪ ತಾಳುತ್ತದೆ. ಅಕ್ಷರಕ್ಕೆ ಅಕ್ಷರ ಹೊಂದಿಸುವ ಹಳೆಯ ಬಗೆಯ ಹುಡುಕಾಟಕ್ಕೆ ಅವು ಹತ್ತು ಬೇರೆ ಪದಗಳು. ಈ ಸಹಾಯಕನಿಗೆ ‘ಬಳ್ಳಿಗಾವೆಯಿಂದ ಬೇಲೂರಿಗೆ ಬಂದ ಶಿಲ್ಪಿಗಳು ಯಾರು’ ಎಂದರೆ ಸಾಕು, ದಾಸೋಜ ಮತ್ತು ಅವನ ಮಗ ಚಾವಣ ಮುಂದೆ ಬಂದು ನಿಲ್ಲುತ್ತಾರೆ. ಕೆಲವು ತಿಂಗಳು ನಾನು ಹುಡುಕುತಾಣವನ್ನು ತೆರೆಯಲೇ ಇಲ್ಲ.

ತಾಳಗುಂದದ ಪ್ರಶ್ನೆ ಬಂದಾಗ ಎಲ್ಲ ಬದಲಾಯಿತು. ಕನ್ನಡದ ಅತಿ ಹಳೆಯ ಶಾಸನ ಯಾವುದೆಂಬುದು ಸ್ಪರ್ಧಾತ್ಮಕ ಪರೀಕ್ಷೆಯವರ ನಿತ್ಯದ ಪ್ರಶ್ನೆ. ಬೇಲೂರು ತಾಲೂಕಿನ ಹಲ್ಮಿಡಿ ಶಾಸನ, ಸುಮಾರು ಕ್ರಿ.ಶ. 450 ಎಂದು ತಲೆಮಾರುಗಳು ಓದಿಕೊಂಡು ಬಂದಿವೆ. ಶಿಕಾರಿಪುರ ತಾಲೂಕಿನ ತಾಳಗುಂದದ ಪ್ರಣವೇಶ್ವರ ದೇವಾಲಯದ ಆವರಣದಲ್ಲಿ ಉತ್ಖನನ ನಡೆದು ಸಿಂಹಕಟಾಂಜನ ಶಾಸನ (ಸಿಂಹದ ಆಕೃತಿಯಿರುವ ಕಲ್ಲಿನ ಕಟಕಟೆಯ ಮೇಲಿನ ಬರಹ) ಸಿಕ್ಕಮೇಲೆ, ಅದರ ಕಾಲ ಕ್ರಿ.ಶ. 370 ಎಂಬ ವಾದ ಎದ್ದಿತು. ಅದೇ ದೇವಾಲಯದ ಮುಂದೆ ಮೊದಲಿನಿಂದಲೂ ಇನ್ನೊಂದು ಶಾಸನವಿದೆ: ಕುಬ್ಜ ಕವಿ ರಚಿಸಿದ, ಮಯೂರಶರ್ಮ ಕಂಚಿಯ ಘಟಿಕೆಗೆ ಓದಲು ಹೋದ ಕಥೆ ಹೇಳುವ, ಕದಂಬ ದೊರೆ ಶಾಂತಿವರ್ಮನ ಕಾಲದ ಕಂಬ. ಅದು ಸಂಸ್ಕೃತದ್ದು. ಬಿ.ಎಲ್. ರೈಸ್ ಅವರ ಶಾಸನ ಸಂಗ್ರಹವಾದ ಎಪಿಗ್ರಾಫಿಯಾ ಕರ್ನಾಟಿಕಾದ ಏಳನೆಯ ಸಂಪುಟದಲ್ಲಿ, ಶಿಕಾರಿಪುರ 176 ಎಂಬ ಸಂಖ್ಯೆಯಲ್ಲಿ ಅಚ್ಚಾಗಿದೆ.

ಸಹಾಯಕ ಈ ಎರಡನ್ನೂ ಕಲಸಿ ಒಂದು ಮಾಡಿತು. ಕುಬ್ಜ ಕವಿ ಕ್ರಿ.ಶ. 370ರಲ್ಲಿ ಕನ್ನಡದಲ್ಲಿ ಬರೆದ ಕಂಬದ ಶಾಸನ ಎಂದು, ಎಲ್ಲೂ ತಡವರಿಸದೆ, ಚೆಂದದ ಕನ್ನಡದಲ್ಲಿ ಹೇಳಿತು. ವಾಕ್ಯದ ತುಣುಕುಗಳನ್ನು ಬಿಡಿಸಿ ನೋಡಿದರೆ ಪ್ರತಿಯೊಂದೂ ಯಾವುದೋ ಶಾಸನಕ್ಕೆ ನಿಜ. ಕವಿ ಒಂದು ಶಾಸನದವನು, ಇಸವಿ ಇನ್ನೊಂದರದು. ಕೂಡಿಸಿದ ವಾಕ್ಯ ಮಾತ್ರ ಪೂರ್ತಿ ಸುಳ್ಳು. ನನಗೆ ಕೋಪ ಬಂದದ್ದು ಇಲ್ಲಿ. ತುಣುಕುಗಳೇ ಸುಳ್ಳಾಗಿದ್ದರೆ ನನ್ನ ವಿದ್ಯಾರ್ಥಿಗಳೂ ಹಿಡಿಯುತ್ತಿದ್ದರು. ಕೆಳಗೆ ಕೊಟ್ಟಿದ್ದ ಎರಡು ಕೊಂಡಿಗಳನ್ನು ತೆರೆದೆ. ಒಂದು ಪುಟ ಕಂಬದ ಬಗ್ಗೆ, ಇನ್ನೊಂದು ಕಟಾಂಜನದ ಬಗ್ಗೆ. ಎರಡೂ ಸರಿಯಾಗಿಯೇ ಇದ್ದವು!

ಅಲ್ಲಿಂದ ನನಗೆ ಹುಡುಕುತಾಣಕ್ಕೂ ಉತ್ತರ ಹೇಳುವ ಯಂತ್ರಕ್ಕೂ ಇರುವ ವ್ಯತ್ಯಾಸ ಮನದಟ್ಟಾಯಿತು. ಹುಡುಕುತಾಣ ಮೂಲತಃ ಪುಸ್ತಕದ ಕೊನೆಯಲ್ಲಿರುವ ಪದಸೂಚಿಯಂಥದ್ದು: ಯಾವ ಪದ ಯಾವ ಪುಟದಲ್ಲಿದೆ ಎಂದು ಮುಂಚೆಯೇ ಬರೆದಿಟ್ಟುಕೊಂಡಿರುತ್ತದೆ. ಸ್ಟ್ಯಾನ್‌ಫರ್ಡ್‌ನ ಲ್ಯಾರಿ ಪೇಜ್, ಸರ್ಗೇ ಬ್ರಿನ್ ಸೇರಿ 1998ರಲ್ಲಿ ಗೂಗಲ್ ಕಂಪನಿ ಕಟ್ಟಿದಾಗ ಅದಕ್ಕೆ ಸೇರಿಸಿದ್ದು, ಒಂದು ಪುಟಕ್ಕೆ ಬೇರೆ ಎಂಥ ಪುಟಗಳು ಕೊಂಡಿ ಹಾಕಿವೆ ಎಂದು ತೂಗಿ ಮುಂದೆ ಹಿಂದೆ ಜೋಡಿಸುವ ಲೆಕ್ಕ. ಈಗ ಹುಡುಕುತಾಣಗಳೂ ಅರ್ಥ ಹಿಡಿಯುವ ಭಾಷಾ ಮಾದರಿಗಳನ್ನು ಬಳಸುತ್ತವೆ. ಆದರೂ ಪಟ್ಟಿಯಲ್ಲಿ ಕಂಬದ ಪುಟ ಕಂಬದ್ದಾಗಿ, ಕಟಾಂಜನದ ಪುಟ ಕಟಾಂಜನದ್ದಾಗಿ ಉಳಿಯುತ್ತದೆ. ಒಂದನ್ನು ಇನ್ನೊಂದರೊಂದಿಗೆ ಹೋಲಿಸುವುದು ಓದುಗನ ಪಾಲಿಗೆ ಬಿಟ್ಟ ಕೆಲಸ. ಉತ್ತರ ಹೇಳುವ ಯಂತ್ರವೋ ಸಿಕ್ಕ ಭಾಗಗಳನ್ನು ಓದಿ, ಮುಂದೆ ಯಾವ ಪದ ಬಂದರೆ ಹೊಂದುತ್ತದೆ ಎಂದು ಒಂದೊಂದಾಗಿ ಊಹಿಸುತ್ತಾ ಹೊಸ ವಾಕ್ಯ ಕಟ್ಟುತ್ತದೆ. ನನಗೆ ಸಿಕ್ಕ ಆ ವಾಕ್ಯ ಅದು ಓದಿದ ಎರಡು ಪುಟಗಳಲ್ಲಿ ಎಲ್ಲಿಯೂ ಇರಲಿಲ್ಲ.

ಉತ್ತರ ಹೇಳುವ ಯಂತ್ರಗಳು ಮೊದಲಿನಿಂದಲೂ ಹೀಗಿರಲಿಲ್ಲ. 1961ರ ಬೇಸ್‌ಬಾಲ್ ಎಂಬ ಪ್ರೋಗ್ರಾಂ ಅಮೆರಿಕದ ಬೇಸ್‌ಬಾಲ್ ಪಂದ್ಯಗಳ ಒಂದು ಋತುವಿನ ಮಾಹಿತಿಯ ಬಗ್ಗೆ ಮಾತ್ರ ಉತ್ತರಿಸುತ್ತಿತ್ತು. 1970ರ ದಶಕದ ಆರಂಭದ ಲೂನಾರ್‌ಗೆ ಚಂದ್ರನ ಕಲ್ಲುಗಳಾಚೆ ಏನೂ ತಿಳಿಯದು. ನನಗೆ ತುಂಬ ಇಷ್ಟವಾದದ್ದು ಐಬಿಎಂನ ವಾಟ್ಸನ್. 2011ರಲ್ಲಿ ಜೆಪರ್ಡಿ ಎಂಬ ಟಿವಿ ರಸಪ್ರಶ್ನೆಯಲ್ಲಿ ಅದು ಆ ಆಟದ ಚಾಂಪಿಯನ್ನರಾದ ಕೆನ್ ಜೆನ್ನಿಂಗ್ಸ್, ಬ್ರ್ಯಾಡ್ ರಟರ್ ಇಬ್ಬರನ್ನೂ ಸೋಲಿಸಿತು. ತನ್ನ ಉತ್ತರದ ಮೇಲೆ ಸಾಕಷ್ಟು ಭರವಸೆ ಇಲ್ಲದಿದ್ದರೆ ಅದು ಗುಂಡಿಯನ್ನೇ ಒತ್ತುತ್ತಿರಲಿಲ್ಲ. ಅಮೆರಿಕದ ನಗರಗಳ ಕುರಿತ ಕೊನೆಯ ಸುತ್ತಿನ ಪ್ರಶ್ನೆಗೆ ಉತ್ತರ ಬರೆಯಲೇಬೇಕಾಗಿ ಬಂದಾಗ ಟೊರಾಂಟೊ ಎಂದು ಬರೆದು ಮುಂದೆ ಐದು ಪ್ರಶ್ನಾರ್ಥಕ ಚಿಹ್ನೆ ಹಾಕಿತು. ಸರಿಯುತ್ತರ ಶಿಕಾಗೊ. ಉತ್ತರ ತಪ್ಪಾದರೂ ಸಂದೇಹವನ್ನು ಕಣ್ಣಿಗೆ ಕಾಣುವಂತೆ ಇಟ್ಟಿತು. ತಿಂಗಳು ತಿಂಗಳು ನನ್ನಿಂದ ಹಣ ಪಡೆಯುತ್ತಿದ್ದ ಸಹಾಯಕ ಕುಬ್ಜನ ಮುಂದೆ ಒಂದೇ ಒಂದು ಪ್ರಶ್ನಾರ್ಥಕವನ್ನೂ ಹಾಕಲಿಲ್ಲ.

ಹಾಗೆಂದು ಪೂರ್ತಿ ಬಿಟ್ಟಿಲ್ಲ. ಹುಡುಕುತಾಣಕ್ಕೆ ಮರಳಿದಾಗ ಅದರ ಕೊರತೆಯೂ ಕಂಡಿತು. ಎಲ್ಲ ಕಂಪ್ಯೂಟರುಗಳೂ ಒಂದೇ ರೀತಿ ಓದುವ ಅಕ್ಷರ ಸಂಕೇತವಾದ ಯುನಿಕೋಡ್ ಬಳಕೆಗೆ ಬರುವ ಮುಂಚಿನ ಫಾಂಟ್‌ಗಳಲ್ಲಿ ಟೈಪಾದ ಎಷ್ಟೋ ಕನ್ನಡ ಬರಹ ಅದಕ್ಕೆ ಅರ್ಥವಿಲ್ಲದ ಅಕ್ಷರಗಳ ರಾಶಿಯಾಗಿಯೇ ಕಾಣುತ್ತದೆ. ಚಿತ್ರವಾಗಿ ಸ್ಕ್ಯಾನ್ ಆದ ಹಳೆಯ ಸಂಪುಟಗಳ ಒಳಗನ್ನು ಅದು ಹಲವು ಬಾರಿ ಓದಿರುವುದೇ ಇಲ್ಲ. ಆದ್ದರಿಂದ ಈಗ ರಾತ್ರಿ ಎರಡನ್ನೂ ಬಳಸುತ್ತೇನೆ. ಸಹಾಯಕನಿಂದ ಪದ, ಹೆಸರು, ಊರು ಕೇಳಿ ಪೆನ್ಸಿಲ್ಲಿನಲ್ಲಿ ಬರೆದುಕೊಳ್ಳುತ್ತೇನೆ. ಆ ಹೆಸರನ್ನು ಹುಡುಕುತಾಣಕ್ಕೆ ಕೊಟ್ಟು, ಮೂಲದ ಪುಟ ಓದಿದ ಮೇಲಷ್ಟೇ ಶಾಯಿಯಲ್ಲಿ ತಿದ್ದಿ ಬರೆಯುತ್ತೇನೆ. ಹಲ್ಮಿಡಿ–ತಾಳಗುಂದದ ಪ್ರಶ್ನೆಯನ್ನು ಗ್ರಂಥಾಲಯದಲ್ಲಿ ಕೇಳಿದಾಗ ಎರಡೂ ಅಭಿಪ್ರಾಯಗಳನ್ನು ಹಲಗೆಯ ಮೇಲೆ ಬರೆದೆ.

ಈ ಕೆಲಸಕ್ಕೆ ಪುಕ್ಕಟೆ ಆವೃತ್ತಿ ಸಾಕು, ಚಂದಾ ನಿಲ್ಲಿಸಿದ್ದೇನೆ. ಪತ್ರ, ಅರ್ಜಿ ತಿದ್ದಿಸಿಕೊಳ್ಳುವವರಿಗೆ ಹಣ ಕೊಟ್ಟದ್ದು ದಂಡವಾಗದು. ನನ್ನಂತೆ ಪ್ರಶ್ನೆಪತ್ರಿಕೆ, ಕೀ ಉತ್ತರ ಸಿದ್ಧಪಡಿಸುವವರು ಮಾತ್ರ ಹಣ ಕಟ್ಟುವ ಮೊದಲು ನಾಗವರ್ಮನ ಕೃತಿಗಳ ಬಗ್ಗೆ ಕೇಳಿ ನೋಡಿ. ಛಂದೋಂಬುಧಿಯ ನಾಗವರ್ಮ ಬೇರೆ, ಕಾವ್ಯಾವಲೋಕನದ ನಾಗವರ್ಮ ಬೇರೆ. ಇಬ್ಬರನ್ನೂ ಅದು ತಾನಾಗಿಯೇ ಬೇರೆ ಬೇರೆ ಇಟ್ಟು ಹೇಳಿದರೆ ಒಂದು ತಿಂಗಳ ಚಂದಾ ಕೊಟ್ಟು ನೋಡಬಹುದು.