ಡೆಂಗೀ ಕಾಂಬೊ ಕಾರ್ಡ್: ಗೆರೆ ನೋಡುವ ಮೊದಲು ಜ್ವರದ ದಿನ ಎಣಿಸಿ

ಒಂದು ಪೌಚ್, ಎರಡು ಪಟ್ಟಿ. ಒಂದು ಪಟ್ಟಿ ರಕ್ತದಲ್ಲಿ ವೈರಸ್‌ನ ಎನ್‌ಎಸ್1 ಆಂಟಿಜೆನ್ ಹುಡುಕುತ್ತದೆ, ಇನ್ನೊಂದು ವೈರಸ್‌ಗೆ ಎದುರಾಗಿ ದೇಹ ತಯಾರಿಸುವ ಐಜಿಎಂ, ಐಜಿಜಿ ಆಂಟಿಬಾಡಿಗಳನ್ನು. ಲ್ಯಾಬ್‌ನವರು ಕಾಂಬೊ ಕಾರ್ಡ್ ಎನ್ನುವ ಈ ಕಿಟ್ ಹಲವು ಕಂಪನಿಗಳ ಹೆಸರಿನಲ್ಲಿ ಸಿಗುತ್ತದೆ. ಒಳಗಿನ ಕೆಲಸ ಹೆಚ್ಚುಕಡಿಮೆ ಒಂದೇ. ಯಂತ್ರ ಬೇಡ, ಕರೆಂಟ್ ಬೇಡ, 20 ನಿಮಿಷದೊಳಗೆ ಉತ್ತರ. ಕೊಳ್ಳಬಹುದಾದ ವಸ್ತು ಎಂದೇ ನಮ್ಮ ಅಭಿಪ್ರಾಯ. ಆದರೆ ಜ್ವರ ಶುರುವಾಗಿ ಎಷ್ಟನೇ ದಿನ ಎಂದು ಕೇಳದೆ ಓದಿದರೆ ಇದೇ ಕಾರ್ಡ್ ದಾರಿ ತಪ್ಪಿಸುತ್ತದೆ.

ಎನ್‌ಎಸ್1 ಎಂಬುದು ವೈರಸ್ ಹೊಕ್ಕ ಜೀವಕೋಶಗಳು ರಕ್ತಕ್ಕೆ ಬಿಡುವ ಪ್ರೋಟೀನ್. ಜ್ವರದ ಮೊದಲ ದಿನದಿಂದಲೇ ಸಿಗುತ್ತದೆ, 5ನೇ ದಿನ ದಾಟಿದ ಮೇಲೆ ಸಿಗುವ ಸಾಧ್ಯತೆ ಇಳಿಯುತ್ತಾ ಹೋಗುತ್ತದೆ. ಐಜಿಎಂ ಕಾಣಿಸಿಕೊಳ್ಳುವುದು 4-5ನೇ ದಿನದ ಹೊತ್ತಿಗೆ. ಹಾಗಾಗಿ 2ನೇ ದಿನ ಐಜಿಎಂ ನೆಗೆಟಿವ್ ಬಂದರೆ ಅದಕ್ಕೆ ಅರ್ಥವಿಲ್ಲ, 7ನೇ ದಿನ ಎನ್‌ಎಸ್1 ನೆಗೆಟಿವ್ ಬಂದರೂ ಅಷ್ಟೇ. ಎನ್‌ಎಸ್1 ಮಾತ್ರ ಇರುವ ಕಾರ್ಡ್ ಬಿಟ್ಟು ಕಾಂಬೊ ಕೊಳ್ಳಿ ಎನ್ನುವುದು ಇದಕ್ಕೇ.

ಕಾರ್ಡಿನ ದೊಡ್ಡ ಕೊರತೆ ಎರಡನೇ ಸಲ ಡೆಂಗೀ ಆದವರಲ್ಲಿ ಗೊತ್ತಾಗುತ್ತದೆ. ಡೆಂಗೀ ವೈರಸ್‌ನಲ್ಲಿ ನಾಲ್ಕು ಬಗೆ. ಒಂದು ಬಗೆ ಬಂದು ಹೋದವರಿಗೆ ಇನ್ನೊಂದು ಬಗೆ ತಗುಲಿದಾಗ ಐಜಿಜಿ ಬೇಗನೆ, ಜೋರಾಗಿ ಏರುತ್ತದೆ. ಆ ಆಂಟಿಬಾಡಿಗಳು ಎನ್‌ಎಸ್1 ಅನ್ನು ಹಿಡಿದುಕೊಂಡುಬಿಡುತ್ತವೆ. ಹಿಡಿದುಕೊಂಡದ್ದು ಪಟ್ಟಿಗೆ ಸಿಗುವುದಿಲ್ಲ, ಗೆರೆ ಮಸುಕಾಗುತ್ತದೆ ಅಥವಾ ಮೂಡುವುದೇ ಇಲ್ಲ. ಕಾಯಿಲೆ ತೀವ್ರವಾಗುವ ಅಪಾಯ ಹೆಚ್ಚಿರುವುದು ಇವರಿಗೇ, ಕಾರ್ಡ್ ಕೈಕೊಡುವ ಸಂಭವವೂ ಇವರಲ್ಲೇ ಹೆಚ್ಚು. ಎನ್‌ಎಸ್1 ಇಲ್ಲದೆ, ಜ್ವರದ ಮೊದಲ ವಾರದಲ್ಲೇ ಐಜಿಜಿ ಗೆರೆ ದಟ್ಟವಾಗಿ ಬಂದರೆ ಅದನ್ನು 'ಹಳೆಯ ಸೋಂಕಿನದು' ಎಂದು ತಳ್ಳಿಹಾಕಬೇಡಿ.

ಈ ಪ್ರೋಟೀನ್ ಬರೀ ಗುರುತಲ್ಲ ಎಂಬುದೂ ಈಗ ತಿಳಿದಿದೆ. ಎನ್‌ಎಸ್1 ತಾನೇ ರಕ್ತನಾಳದ ಒಳಪದರವನ್ನು ಸಡಿಲಗೊಳಿಸುತ್ತದೆ ಎಂದು 2015ರಲ್ಲಿ ಪ್ರಯೋಗಾಲಯದ ಜೀವಕೋಶ ಮತ್ತು ಇಲಿಗಳ ಮೇಲಿನ ಅಧ್ಯಯನಗಳು ತೋರಿಸಿದವು. ಹಾಗೆಂದು ಗೆರೆ ದಟ್ಟವಾದಷ್ಟೂ ಕಾಯಿಲೆ ಜೋರು ಎಂದು ಲೆಕ್ಕ ಹಾಕುವಂತಿಲ್ಲ. ಈ ಕಾರ್ಡ್ ಅಳತೆಗೋಲಲ್ಲ.

ಬಳಸುವ ಕ್ರಮಕ್ಕೆ ಬರೋಣ. ಫ್ರಿಜ್‌ನಲ್ಲಿಟ್ಟ ಪೌಚನ್ನು ತೆಗೆದ ಕೂಡಲೇ ಹರಿಯಬೇಡಿ. ಅರ್ಧ ಗಂಟೆ ಹೊರಗಿಡಿ. ತಣ್ಣಗಿರುವಾಗ ತೆರೆದರೆ ಗಾಳಿಯ ತೇವ ಪಟ್ಟಿಯ ಮೇಲೆ ಕೂರುತ್ತದೆ, ಆಮೇಲೆ ದ್ರವ ಸಮನಾಗಿ ಹರಿಯುವುದಿಲ್ಲ. ಬಹುತೇಕ ಕಾರ್ಡ್‌ಗಳಲ್ಲಿ ಎನ್‌ಎಸ್1 ಕಡೆಗೆ ಸುಮಾರು 100 ಮೈಕ್ರೋಲೀಟರ್ ಮಾದರಿ, ಅಂದರೆ ಡ್ರಾಪರ್‌ನಲ್ಲಿ ಮೂರು ಹನಿ. ಆಂಟಿಬಾಡಿ ಕಡೆಗೆ 10 ಮೈಕ್ರೋಲೀಟರ್ ಸಾಕು, ಅದರ ಮೇಲೆ ಮೂರು ನಾಲ್ಕು ಹನಿ ಬಫರ್, ಅಂದರೆ ಕಿಟ್‌ನೊಂದಿಗೆ ಬರುವ ದ್ರವ. ನಿಮ್ಮ ಡಬ್ಬಿಯ ಕೈಪಿಡಿಯಲ್ಲಿ ಬೇರೆ ಅಳತೆ ಇದ್ದರೆ ಅದೇ ಕೊನೆಯ ಮಾತು.

ತಪ್ಪು ಹೆಚ್ಚಾಗಿ ಆಗುವುದು ಇಲ್ಲೇ. ಬಫರ್ ಬೇಡದ ಎನ್‌ಎಸ್1 ಗುಂಡಿಗೂ (ಮಾದರಿ ಹಾಕುವ ಕುಳಿ) ಅಭ್ಯಾಸಬಲದಿಂದ ಬಫರ್ ಬೀಳುತ್ತದೆ, ಮಾದರಿ ತೆಳುವಾಗಿ ನಿಜವಾದ ಪಾಸಿಟಿವ್ ಕಳೆದುಹೋಗುತ್ತದೆ. ಸೀಸೆಯನ್ನು ಓರೆಯಾಗಿ ಹಿಡಿದರೆ ಹನಿಯ ಗಾತ್ರ ಬದಲಾಗುತ್ತದೆ. ನೆಟ್ಟಗೆ ಹಿಡಿದು, ಗುಂಡಿಗೆ ತಾಗಿಸದೆ ಬಿಡಿ. ಒಂದು ಲಾಟ್‌ನ (ಒಟ್ಟಿಗೆ ತಯಾರಾದ ಕಂತಿನ) ಬಫರನ್ನು ಇನ್ನೊಂದು ಲಾಟ್‌ನ ಕಾರ್ಡ್‌ಗೆ ಬಳಸಬೇಡಿ.

ಮಾದರಿ ಯಾವುದು ಎಂಬುದೂ ಮುಖ್ಯ. ಇಡೀ ರಕ್ತ ನಡೆಯುತ್ತದೆ ಎಂದು ಹಲವು ಡಬ್ಬಿಗಳ ಮೇಲಿದೆ, ನಡೆಯುವುದೂ ನಿಜ. ಆದರೆ ಕೆಂಪು ಬಣ್ಣ ಪಟ್ಟಿಯುದ್ದಕ್ಕೂ ಹರಡಿ ಹಿನ್ನೆಲೆ ಗುಲಾಬಿಯಾಗುತ್ತದೆ. ಕೂದಲೆಳೆಯಂಥ ಗೆರೆ ಅದರಲ್ಲಿ ಮುಚ್ಚಿಹೋಗುತ್ತದೆ. ರಕ್ತಕಣಗಳನ್ನು ಬೇರ್ಪಡಿಸುವ ಸೆಂಟ್ರಿಫ್ಯೂಜ್ ಯಂತ್ರ ಇದ್ದರೆ ಸೀರಮ್ ಅಥವಾ ಪ್ಲಾಸ್ಮಾ ಹಾಕಿ, ಹಿನ್ನೆಲೆ ಬೆಳ್ಳಗಿರುತ್ತದೆ.

15ರಿಂದ 20 ನಿಮಿಷದೊಳಗೆ ಒಳ್ಳೆಯ ಬೆಳಕಿನಲ್ಲಿ ಓದಿ. ಸಿ ಗೆರೆ, ಅಂದರೆ ಪಟ್ಟಿ ಕೆಲಸ ಮಾಡಿದೆ ಎಂದು ತೋರಿಸುವ ಕಂಟ್ರೋಲ್ ಗೆರೆ, ಬಾರದಿದ್ದರೆ ಟೆಸ್ಟ್ ಆಗಿಲ್ಲ ಎಂದೇ ಅರ್ಥ, ಹೊಸ ಕಾರ್ಡ್ ಹಾಕಬೇಕು. ಸಮಯದೊಳಗೆ ಮೂಡಿದ ಗೆರೆ ಎಷ್ಟೇ ಮಸುಕಾಗಿರಲಿ, ಪಾಸಿಟಿವ್. ಸಮಯ ಮೀರಿ ಮೂಡಿದ್ದು ಲೆಕ್ಕಕ್ಕಿಲ್ಲ: ಪಟ್ಟಿ ಒಣಗುವಾಗ ಸುಳ್ಳು ಗೆರೆ ಬರುವುದುಂಟು.

ಎನ್‌ಎಸ್1 ಪಾಸಿಟಿವ್ ಬಂದರೆ ಸಾಮಾನ್ಯವಾಗಿ ನಂಬಬಹುದು. ಐಜಿಎಂ ಅಷ್ಟು ಸರಳವಲ್ಲ. ಅದು ರಕ್ತದಲ್ಲಿ ಎರಡು ಮೂರು ತಿಂಗಳು ಉಳಿಯುವುದರಿಂದ ಈಗಿನ ಜ್ವರ ಬೇರೆಯದೇ ಇರಬಹುದು. ಝೀಕಾ, ಜಪಾನೀಸ್ ಎನ್‌ಸೆಫಲೈಟಿಸ್ ಇವೂ ಡೆಂಗೀ ಕುಟುಂಬದ ವೈರಸ್‌ಗಳೇ. ಅವುಗಳ ಆಂಟಿಬಾಡಿಯೂ ಇಲ್ಲಿ ಗೆರೆ ಎಳೆಯಬಹುದು. ಅನುಮಾನವಿದ್ದರೆ ಲ್ಯಾಬ್‌ನ ಎಲಿಸಾ ಪರೀಕ್ಷೆ, ಮೊದಲ ದಿನಗಳಲ್ಲಾದರೆ ವೈರಸ್‌ನ ಆರ್‌ಎನ್‌ಎ ಹುಡುಕುವ ಆರ್‌ಟಿ-ಪಿಸಿಆರ್. ಕಾರ್ಡಿನಲ್ಲಿ ಎನ್‌ಎಸ್1, ಐಜಿಎಂ, ಐಜಿಜಿ ಮೂರೂ ನೆಗೆಟಿವ್ ಬಂದು ಲಕ್ಷಣ ಡೆಂಗೀಯದ್ದೇ ಆಗಿದ್ದರೆ ಡೆಂಗೀ ಎಂದೇ ನಿಗಾ ಇಡಬೇಕು.

ರಿಪೋರ್ಟ್‌ನಲ್ಲಿ 'ಡೆಂಗೀ ಪಾಸಿಟಿವ್' ಎಂದಷ್ಟೇ ಬರೆಯುವುದು ರೋಗಿಗೆ ಮಾಡುವ ಅನ್ಯಾಯ. ಮೂರೂ ಫಲಿತಾಂಶ ಬೇರೆಬೇರೆಯಾಗಿ, ಜೊತೆಗೆ ಜ್ವರದ ದಿನ, ಮಾದರಿಯ ಬಗೆ, ಲಾಟ್ ನಂಬರ್ ಇರಲಿ. ಹಾಗೆ ಬರೆದ ಚೀಟಿ ನೋಡಿದರೆ ಮುಂದಿನ ವೈದ್ಯರಿಗೆ ಅರ್ಧ ಕಥೆ ಅಲ್ಲೇ ಸಿಗುತ್ತದೆ.

ಒಮ್ಮೆ ಪಾಸಿಟಿವ್ ಬಂದವರಿಗೆ 'ನೆಗೆಟಿವ್ ಆಯಿತೇ' ಎಂದು ನೋಡಲು ಮತ್ತೆ ಕಾರ್ಡ್ ಹಾಕಬೇಡಿ. ಆ ದುಡ್ಡಿನಲ್ಲಿ ಹೆಮಟೋಕ್ರಿಟ್ (ರಕ್ತದಲ್ಲಿ ಕೆಂಪು ಕಣಗಳ ಪಾಲು), ಪ್ಲೇಟ್‌ಲೆಟ್ ನೋಡಿಸಿ. ಜ್ವರ ಇಳಿಯುವ ಹೊತ್ತಿನ 24ರಿಂದ 48 ಗಂಟೆಯಲ್ಲೇ ರಕ್ತನಾಳದಿಂದ ದ್ರವ ಸೋರುವ ಅಪಾಯ ಹೆಚ್ಚು. ಬಿಡದ ಹೊಟ್ಟೆನೋವು, ಮೇಲಿಂದ ಮೇಲೆ ವಾಂತಿ, ಒಸಡು ಮೂಗಿನಲ್ಲಿ ರಕ್ತ, ಮಂಪರು ಅಥವಾ ಚಡಪಡಿಕೆ ಕಂಡರೆ ಕಾರ್ಡ್ ಏನೇ ಹೇಳಲಿ, ತಕ್ಷಣ ಆಸ್ಪತ್ರೆಗೆ ಕರೆದೊಯ್ಯಿರಿ.